ಆರು ಅಂಕಿಯಷ್ಟು ಮಾತು

೩೦ ಡಿಸೆಂಬರ್, ಸೋಮವಾರ, ಎಳ್ಳಮಾವಾಸ್ಯೆ
ಕಮಲಾಪುರ

ಭೂತಾಯಿಗೆ ಎಡೆಯ ಚರಗ ಚೆಲ್ಲಿ ಬಂದು ಎಲ್ಲರೂ ಹೊಲದಲ್ಲಿ ಉಣ್ಣಲು ಕೂತಿದ್ದೆವು. ನನ್ನ ಕೈಯೆಲ್ಲ ಸೊಪ್ಪು, ಕಾಳು ಬೇಯಿಸಿದ ಭಜ್ಜಿ. ಅಷ್ಟರಲ್ಲಿ ಫೋನು ಟಿಣ್ ಎಂದಿತು. ಓಟಿಪಿ. ನಮ್ಮ ಹೊಲದಲ್ಲಿ ಮೆಸೇಜ್ ಬರುವಷ್ಟು ನೆಟ್‌ವರ್ಕ್ ಇರುತ್ತದೆ, ಮಾತಾಡುವಷ್ಟು ಇರುವುದಿಲ್ಲ. ಅದಕ್ಕೆ ಬಾವಿಯ ಕಟ್ಟೆ ಹತ್ತಬೇಕು. ಐವತ್ತಾರು ವರ್ಷದ, ಮೊಣಕಾಲು ನೋವಿನ ಹೆಂಗಸು ಎಂಜಲು ಕೈಯಲ್ಲಿ ಬಾಳೆಗಿಡಗಳ ನಡುವೆ ಓಡಿದ್ದನ್ನು ನೋಡಿ ನಮ್ಮ ನಾದಿನಿ ರೊಟ್ಟಿ ಮುರಿಯುವುದನ್ನೇ ಮರೆತಳಂತೆ.

ಕಟ್ಟೆ ಹತ್ತಿದೆ. ಫೋನ್ ಬಂತು.

"ಓಟಿಪಿ ಹೇಳ."

"ನಾಕು. ಏಳು. ಸೊನ್ನಿ. ಎರಡು. ಎರಡು. ಒಂಬತ್ತು."

"ಹೂಂ."

ಇಟ್ಟುಬಿಟ್ಟಳು. ಅವ್ವ ಅನ್ನಲಿಲ್ಲ. ಇವತ್ತು ಎಳ್ಳಮಾವಾಸ್ಯೆ ಎನ್ನುವ ಮಾತು ಆ ಕಡೆಯಿಂದಲೂ ಬರಲಿಲ್ಲ, ಈ ಕಡೆಯಿಂದಲೂ ಹೋಗಲಿಲ್ಲ. ಹೋದ ವರ್ಷ ಮಗಳು ಇದೇ ಕಟ್ಟೆಯ ಮೇಲೆ ಕೂತು ಭಜ್ಜಿಯಲ್ಲಿನ ಕಡಲೆಕಾಳನ್ನೆಲ್ಲ ಆರಿಸಿ ತಿಂದು, ಸೊಪ್ಪನ್ನು ಅಪ್ಪನ ತಾಟಿಗೆ ಸುರಿದಿದ್ದಳು. ನಾನು ವಾಪಸ್ ಬಂದು ಕೂತಾಗ ಇವರು ಕೇಳಿದರು.

"ಅಂಬಿ ಫೋನೇನ?"

"ಆನ್‌ಲೈನಿನವರದು," ಅಂದೆ. ಸುಳ್ಳೇನಲ್ಲ.

ನಾಳೆ ನಾನೇ ಓದಿ ಹಣೆ ಚಚ್ಚಿಕೊಳ್ಳಲು ಬೇಕಾಗುತ್ತದೆ, ಬರೆದಿಡುತ್ತೇನೆ. ಮೂರು ವರ್ಷದ ಹಿಂದೆ ಅವಳು ಕಲಬುರಗಿಯ ಒಂದು ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿ ಅಲ್ಲೇ ಕುಸನೂರಿನಲ್ಲಿ ರೂಮ್ ಮಾಡಿದಾಗ, ಈ ಆನ್‌ಲೈನ್ ಅಂಗಡಿಯ ಖಾತೆ ತೆಗೆದದ್ದು ನನ್ನ ನಂಬರಿನಲ್ಲಿ. ವರ್ಷಕ್ಕೊಮ್ಮೆ ಮೆಂಬರ್‌ಶಿಪ್ ಕಟ್ಟಿದರೆ ಇವತ್ತು ಹೇಳಿದ ಸಾಮಾನು ನಾಳೆ ಬಾಗಿಲಿಗೆ, ಸಾಗಿಸುವ ದುಡ್ಡೂ ಇಲ್ಲ. ಸಾಮಾನು ಅವಳದು, ಮೆಂಬರ್‌ಶಿಪ್ ನನ್ನದು. ಆ ಕಡೆ ಯಾರದೋ ಬಾಗಿಲಲ್ಲಿಟ್ಟ ಪಾರ್ಸಲ್ ಕಳುವಾಗಿ ಜಗಳವಾದ ಮೇಲೆ ಸೂಜಿ ಕೊಡುವುದಕ್ಕೂ ಓಟಿಪಿ ಕೇಳುತ್ತಾರೆ. ಅದು ಬರುವುದು ನನ್ನ ಫೋನಿಗೆ. ಹಾಗಾಗಿ ಅವಳು ನನಗೆ ಫೋನ್ ಮಾಡಲೇಬೇಕು.

ಮೇ ತಿಂಗಳಲ್ಲಿ ಅವಳು ಮದುವೆಯಾದಳು. ಕೋಟೆಯ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟವನ ಜೊತೆ. ನಾನು ನೋಡಿಟ್ಟಿದ್ದ ಗಂಡು ತಹಶೀಲ್ ಕಚೇರಿಯಲ್ಲಿ ನೌಕರ. ಮದುವೆಗೆ ನಾನು ಹೋಗಲಿಲ್ಲ, ಇವರನ್ನೂ ಬಿಡಲಿಲ್ಲ. ಅಂದಿನಿಂದ ಇಂದಿನವರೆಗೆ ನಾವಿಬ್ಬರೂ ಮಾತಾಡಿದ್ದೆಲ್ಲ ಹೀಗೆ ಆರಾರು ಅಂಕಿ.

೪ ಜನವರಿ, ಶನಿವಾರ

ಮೆಂಬರ್‌ಶಿಪ್ ಮಾರ್ಚ್ ಹತ್ತಕ್ಕೆ ಮುಗಿಯುತ್ತದೆ, ಈಗಲೇ ಮುಂದುವರಿಸಿ ಎಂದು ಮೆಸೇಜ್ ಬಂದಿದೆ. ಕಚೇರಿಯಲ್ಲಿ ಮಜರ್‌ನನ್ನು ಕೇಳಿದೆ. ಮಜರ್ ನಮ್ಮ ಅಂಚೆ ಕಚೇರಿಯ ಪೋಸ್ಟ್‌ಮನ್, ನಾನು ಕೌಂಟರಿನವಳು. ಹತ್ತೊಂಬತ್ತು ವರ್ಷದಿಂದ ಎದುರುಬದುರು ಕೂತಿದ್ದೇವೆ. ಅವನು ತನ್ನ ಫೋನಿನಲ್ಲಿ ನಮ್ಮೂರ ಪಿನ್‌ಕೋಡ್ ಹೊಡೆದು ತೋರಿಸಿದ.

"ನೋಡ್ರಿ ಮೇಡಂ. ಕಮಲಾಪುರಕ್ಕ ಐದು ದಿನ. ಮೆಂಬರ್‌ಶಿಪ್ ಇದ್ರೂ ಐದು, ಇಲ್ದಿದ್ರೂ ಐದು. ಖಾಲಿ ಪೀಲಿ ಯಾಕ ಕಟ್ತೀರಿ?"

"ಕಲಬುರಗಿಗಿ?"

"ಕಲಬುರಗಿಗಿ ಒಂದ ದಿನ. ಆದ್ರ ನೀವು ಇರೋದು ಇಲ್ಲಿ ಅಲ್ರಿ?"

ಅವನು ಹೇಳಿದ್ದು ನ್ಯಾಯ. ಮೂವತ್ತೊಂದು ವರ್ಷ ಪೋಸ್ಟಿನಲ್ಲಿ ದುಡಿದವಳು ನಾನು. ಕಾಗದ ಬೇಗ ಬರಲಿ ಎಂದು ವರ್ಷದ ಮೊದಲೇ ಮುಂಗಡ ಕಟ್ಟಿದವರನ್ನು ಈ ಕೌಂಟರಿನಲ್ಲಿ ಕಂಡಿಲ್ಲ. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ. ವಿಚಾರ ಮಾಡುತ್ತೇನೆ ಎಂದೆ. ಮಜರ್ ಒಂದು ಗಳಿಗೆ ನನ್ನ ಮುಖ ನೋಡಿ, ಚೀಲ ಹೆಗಲಿಗೆ ಹಾಕಿಕೊಂಡು ಹೊರಟ. ಅವನಿಗೆ ಎಲ್ಲ ಗೊತ್ತು. ಆ ದಿನ ಆ ಲಕೋಟೆಯನ್ನು ನನ್ನ ಮೇಜಿಗೆ ತಂದವನು ಅವನೇ. ಆ ಮಾತು ಇವತ್ತು ಬೇಡ.

೯ ಜನವರಿ, ಗುರುವಾರ

ಬಾಚಣಿಕೆ ತರಿಸಿದ್ದಾಳೆ. ಒಂದೇ ಒಂದು. ಕುಸನೂರಿನ ಪ್ರತಿ ಅಂಗಡಿಯ ಮುಂದೆಯೂ ಬಾಚಣಿಕೆಯ ಮಾಲೆ ನೇತಾಡುತ್ತಿರುತ್ತದೆ, ನಾನೇ ನೋಡಿದ್ದೇನೆ.

ಅಂಕಿಗಳನ್ನು ಮೆಲ್ಲಗೆ ಹೇಳಿದೆ. ಮೂರನೆಯದಕ್ಕೂ ನಾಲ್ಕನೆಯದಕ್ಕೂ ನಡುವೆ ಅವಳ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಆರು ಮುಗಿಯುವುದರೊಳಗೆ ಇನ್ನೊಮ್ಮೆ. ಎರಡು ಸಿಳ್ಳಿಗೆ ಅನ್ನ, ನಾಲ್ಕಕ್ಕೆ ಬೇಳೆ. ಏನು ಇಟ್ಟಿದ್ದಳೋ, ಅಷ್ಟರಲ್ಲಿ ಫೋನ್ ಇಟ್ಟಳು.

೧೭ ಜನವರಿ, ಶುಕ್ರವಾರ

ಈ ವಾರ ಬಂದದ್ದು: ಕಡ್ಡಿಪೆಟ್ಟಿಗೆ. ಪಿನ್ನು. ಒಂದು ಸಾಬೂನು. ಮತ್ತೆ ಬಾಚಣಿಕೆ!

ಹೋದ ವಾರದ ಬಾಚಣಿಕೆ ಏನು ಮಾಡಿದಳು, ತಿಂದಳೇ? ಮೆಂಬರ್‌ಶಿಪ್ ಇಲ್ಲದಿದ್ದರೆ ಕಡ್ಡಿಪೆಟ್ಟಿಗೆಗಿಂತ ಅದನ್ನು ಸಾಗಿಸುವ ಖರ್ಚೇ ಹೆಚ್ಚಾಗುತ್ತಿತ್ತು. ಆಗ ಇವಳೂ ಎಲ್ಲರಂತೆ ತಿಂಗಳಿಗೊಮ್ಮೆ ಎಲ್ಲ ಕೂಡಿಸಿ ತರಿಸುತ್ತಿದ್ದಳು. ಹೇಗೂ ಪುಕ್ಕಟೆ ಅಲ್ಲವೇ, ಇವತ್ತೊಂದು ನಾಳೆಯೊಂದು. ನಾನು ಮನೆಯಲ್ಲಿ ಹೀಗೆಲ್ಲ ಗೊಣಗಿದಾಗ ಇವರು ಪೇಪರಿನಿಂದ ತಲೆಯೆತ್ತಲಿಲ್ಲ.

"ಅಷ್ಟ ಸಂಕಟ ಆದ್ರ ಮೆಂಬರ್‌ಶಿಪ್ ತಗಸು. ತಿಂಗಳಿಗೊಂದ ಫೋನ್ ಬರ್ತದ, ನಿನಗೂ ಆರಾಮ."

ಎದ್ದು ಬಂದು ಬರೆಯಲು ಕೂತೆ. ಗಂಡನ ಹೆಸರು ಬಾಯಲ್ಲಿ ಹೇಳಬಾರದೆಂದು ನಮ್ಮವ್ವ ಕಲಿಸಿದ್ದಳು. ಬರೆಯಬಾರದೆಂದು ಹೇಳಿರಲಿಲ್ಲ: ಸಾಯಬಣ್ಣನಂಥ ಕುಹಕದ ಮನುಷ್ಯ ಈ ತಾಲೂಕಿನಲ್ಲಿ ಇನ್ನೊಬ್ಬನಿಲ್ಲ.

ಆ ಮೊಬೈಲಿನವನದೂ ಒಂದು ಚೋದ್ಯ. ಎಂಥ ಫೋನನ್ನೂ ಬಿಚ್ಚಿ ಜೋಡಿಸುತ್ತಾನಂತೆ, ಹೆಂಡತಿಯ ಓಟಿಪಿ ಅವಳ ಫೋನಿಗೇ ಬರುವಂತೆ ಮಾಡಲು ಬಂದಿಲ್ಲ. ದೊಡ್ಡ ಮೆಕ್ಯಾನಿಕ್ಕು. ಬರದಿದ್ದದ್ದೇ ಒಳ್ಳೆಯದಾಯಿತು.

೨೬ ಜನವರಿ, ಭಾನುವಾರ

ಝಂಡಾ ಹಾರಿಸಿ ಲಾಡು ತಿಂದು ಬಂದೆವು. ಒಂಬತ್ತು ದಿನವಾಯಿತು, ಏನೂ ತರಿಸಿಲ್ಲ.

೨೮ ಜನವರಿ, ಮಂಗಳವಾರ

ಫೋನ್ ಕೆಟ್ಟಿರಬಹುದೆಂದು ಮಜರ್‌ಗೆ ಒಂದು ಕಾಲ್ ಮಾಡೆಂದು ಹೇಳಿದೆ. ಎದುರಿಗೆ ಕೂತೇ ಮಾಡಿದ. ಚೆನ್ನಾಗಿಯೇ ಬಡಿದುಕೊಂಡಿತು.

೩೦ ಜನವರಿ, ಗುರುವಾರ

ಇಲ್ಲ.

೨ ಫೆಬ್ರವರಿ, ಭಾನುವಾರ

ಹದಿನಾರು ದಿನದ ಮೇಲೆ ಮೆಸೇಜ್ ಬಂತು. ಅದರಲ್ಲಿ ಸಾಮಾನಿನ ಹೆಸರು ಅರ್ಧ ಇರುತ್ತದೆ. ಚಾಳೀಸು ಹಾಕಿಕೊಂಡು ಓದಿದೆ. ತೆಗೆದು ಒರೆಸಿಕೊಂಡು ಮತ್ತೆ ಓದಿದೆ. ಗರ್ಭಿಣಿಯರು ತೊಡುವ ಹತ್ತಿಯ ಗೌನು, ಎರಡರ ಜೋಡಿ.

ಫೋನ್ ಬಂತು.

"ಓಟಿಪಿ ಹೇಳ."

"ಮೂರು. ಆರು..."

"ಆಮ್ಯಾಲ?"

"ಆರು. ಸೊನ್ನಿ. ಐದು. ಎಂಟು."

"ಇನ್ನೊಮ್ಮೆ ಹೇಳ."

ಇನ್ನೊಮ್ಮೆ ಹೇಳಿದೆ. ಅವಳೂ ಇಡಲಿಲ್ಲ, ನಾನೂ ಇಡಲಿಲ್ಲ. ಅವಳ ಉಸಿರು ಕೇಳುತ್ತಿತ್ತು. ಎಷ್ಟು ತಿಂಗಳು, ವಾಂತಿ ಆಗುತ್ತದೆಯೇ, ಏನು ತಿನ್ನಬೇಕೆನಿಸುತ್ತದೆ, ಮೂರೇ ಪ್ರಶ್ನೆ. ಮೂರೂ ನಾಲಗೆಯ ತುದಿಗೆ ಬಂದು ಅಲ್ಲೇ ಕೂತವು. ಬಾಗಿಲಲ್ಲಿ ಡೆಲಿವರಿಯವನು, "ಆತೇನ್ರಿ ಮೇಡಂ?" ಎಂದ. ಅಂಬಿಕಾ ಇಟ್ಟುಬಿಟ್ಟಳು.

ಇವರು ಅಂಗಳದಲ್ಲಿ ಕೆಂಪು ಬಾಳೆಯ ಗೊನೆಗಳಿಗೆ ಒಣ ಎಲೆ ಸುತ್ತುತ್ತಿದ್ದರು, ನಾಳೆ ಕಲಬುರಗಿಗೆ ಒಯ್ಯಲು. ಹೋಗಿ ಎದುರಿಗೆ ನಿಂತೆ.

"ನಿಮಗ ಗೊತ್ತಿತ್ತಾ?"

"ಏನು?"

"ಅಂಬಿಕಾಂದು."

ಎಲೆ ಸುತ್ತುವ ಕೈ ನಿಲ್ಲಲಿಲ್ಲ. "ಐದರಾಗ ಬಿದ್ದಾಳ. ಬಾಳಿಹಣ್ಣ ಮಾರ್ಲಿಕ್ಕ ಹೋದಾಗೆಲ್ಲ ಅಳಿಯ ಗುರುಪ್ರಸಾದನ ಅಂಗಡಿಗಿ ಹೋಗಿ ಬರ್ತೀನಿ. ಒಂದ ಡಜನ್ ಹಣ್ಣ ಕೊಡ್ತೀನಿ, ಚಾ ಕುಡೀತೀನಿ."

"ಎಂಟ ತಿಂಗಳಿಂದ! ನನಗ ಒಂದ ಮಾತ ಹೇಳಲಿಲ್ಲ."

"ನೀ ಕೇಳಲಿಲ್ಲ."

ಒಳಗೆ ಬಂದು ನೀರಿನ ಕೊಡದ ಹತ್ತಿರ ನಿಂತು ಅತ್ತೆ. ಸಿಟ್ಟಿಗೆ ಅತ್ತೆನೋ, ಸಂತೋಷಕ್ಕೆ ಅತ್ತೆನೋ, ಯಾರಿಗೆ ಗೊತ್ತು. ನನ್ನ ಮಗಳ ಹೊಟ್ಟೆಯಲ್ಲಿ ಮಗುವಿದೆ ಎನ್ನುವುದು ಅಂಗಡಿಯ ಮೆಸೇಜಿನಿಂದ ತಿಳಿಯುವ ಗತಿ ಯಾವ ತಾಯಿಗೂ ಬರಬಾರದು.

೮ ಫೆಬ್ರವರಿ, ಶನಿವಾರ

ಆರು ದಿನ ತಲೆ ಕೆಡಿಸಿಕೊಂಡು ಇವತ್ತು ಒಂದು ದಾರಿ ಕಂಡಿತು. ಕಳ್ಳ ಕುಬಸ.

ಚೊಚ್ಚಲ ಬಸುರಿಗೆ ಏಳರಲ್ಲಿ ಊರಿಗೆಲ್ಲ ಹೇಳಿ ಕುಬಸ ಮಾಡುವುದು ಬೇರೆ. ಅದಕ್ಕೂ ಮೊದಲು, ಐದರಲ್ಲಿ, ತವರಿನವರು ಯಾರಿಗೂ ಹೇಳದೆ ಕೇಳದೆ ಹಸಿರು ಸೀರೆ, ಹಸಿರು ಬಳೆ ಒಯ್ದು, ಒಳಗಿನ ಕೋಣೆಯಲ್ಲಿ ಉಡಿಸಿ ಉಡಿ ತುಂಬಿ ಬರುತ್ತಾರೆ. ದೃಷ್ಟಿ ತಾಗಬಾರದೆಂದು. ನನಗೆ ನಮ್ಮವ್ವ ಮಾಡಿದ್ದಳು. ಯಾರಿಗೂ ಗೊತ್ತಾಗದೆ ಮಾಡುವುದೇ ಪದ್ಧತಿ ಅಂದಮೇಲೆ, ಯಾರಿಗೂ ಗೊತ್ತಾಗದೆ ಕಳಿಸಿದರೆ ತಪ್ಪೇನು? ಮೆಂಬರ್‌ಶಿಪ್ ಇದ್ದೇ ಇದೆ. ಹಸಿರು ಇಳಕಲ್ ಸೀರೆ, ಒಂದು ಖಣ, ಎರಡು ಡಜನ್ ಬಳೆ ಆರಿಸಿದೆ. ವಿಳಾಸ ಕುಸನೂರು. ನಾನೇ ಆ ಖಾತೆಯಿಂದ ತರಿಸಿದ ಮೊದಲ ಸಾಮಾನು ಇದು.

ಇವರಿಗೆ ತೋರಿಸಿದೆ. ಚಿತ್ರವನ್ನು ಹಿಂದೆ ಮುಂದೆ ಸರಿಸಿ ನೋಡಿದರು.

"ಸೀರಿ ಛಲೋ ಅದ. ಕುಬಸ ಯಾರರೆ ಕೊರಿಯರ್‌ನಾಗ ಮಾಡ್ತಾರೇನ?"

"ಮತ್ತೇನ ಮಾಡ್ಲಿ?"

"ಬಸ್ಸ ಹತ್ತು."

"ಅಕಿ ಬಾ ಅಂದಾಳೇನ?"

"ಅಂದಿದ್ಳಲ್ಲ, ಲಕೋಟಿ ಕಳಿಸಿ. ನೀ ಏನ ಮಾಡ್ದಿ?"

ಇವರ ಜೊತೆ ಮಾತಾಡುವುದೇ ತಪ್ಪು. ಬಟನ್ ಒತ್ತಿಬಿಟ್ಟೆ. ಸೀರೆ ಇಳಕಲ್‌ನಿಂದ ಬರಬೇಕಾದ್ದರಿಂದ ಸೋಮವಾರ ತಲುಪುತ್ತದೆಯಂತೆ. ಅವಳು ಓಟಿಪಿಗೆ ಫೋನ್ ಮಾಡಿದಾಗ ಅಂಕಿ ಹೇಳಿ, "ಉಟಗೊ ಅವ್ವಿ" ಎಂದು ಒಂದು ಮಾತು ಸೇರಿಸುತ್ತೇನೆ. ಎರಡೇ ಶಬ್ದ, ಅಷ್ಟು ಆಡಬಲ್ಲೆ.

೧೦ ಫೆಬ್ರವರಿ, ಸೋಮವಾರ

ಹನ್ನೊಂದಕ್ಕೆ ಓಟಿಪಿ ಬಂತು. ಕೌಂಟರಿನ ಮುಂದೆ ಪಿಂಚಣಿಯವರ ಸಾಲು. ಫೋನನ್ನು ಠಸ್ಸೆಯ ಪಕ್ಕದಲ್ಲೇ ಇಟ್ಟುಕೊಂಡಿದ್ದೆ. ಹನ್ನೊಂದೂಕಾಲು, ಹನ್ನೊಂದೂವರೆ. ಆಮೇಲೆ ಬಂದದ್ದು ಗೊತ್ತಿಲ್ಲದ ನಂಬರು.

"ಅಮ್ಮಾ, ನಾ ಫುರ್ಕಾನ್ ರೀ, ಕುಸನೂರ ಡೆಲಿವರಿ. ನಿಮ್ಮ ಪಾರ್ಸಲ್ ಮೇಡಂ ಬ್ಯಾಡ ಅಂತಾರ್ರಿ."

"ಬ್ಯಾಡ ಅಂದ್ರ? ಓಟಿಪಿ ನನ್ನ ಹಂತೇಕ ಅದ, ಹೇಳ್ತೀನಿ ತಡಿ."

"ಓಟಿಪಿ ಅವರಿಗೂ ಕಾಣ್ತದಲ್ರಿ ಅಮ್ಮಾ. ಅವರ ಫೋನಿನಾಗ ಆ್ಯಪ್ ತಗದ್ರ ಅದೇ ನಂಬರ್ ಇರ್ತದ."

"ಅದ್ಹ್ಯಾಂಗ? ಮೆಸೇಜ್ ಬರೋದು ನನಗ."

"ಮೆಸೇಜ್ ನಿಮಗ ಅಷ್ಟೇ ರೀ. ಆ್ಯಪ್‌ನಾಗ ಇಬ್ಬರಿಗೂ. ನಾ ಮದಲನೇ ಸಲಾನೇ ತೋರಿಸೀನಿ. ‘ಗೊತ್ತದ, ಸುಮ್ಮನ ನಿಂದ್ರು’ ಅಂದ್ರು. ದರ್ ಸಲಾ ನಿಮಗ ಫೋನ್ ಮಾಡ್ತಾರ, ನಾ ಸುಮ್ಮನ ನಿಂದರ್ತೀನಿ."

ಸಾಲಿನಲ್ಲಿದ್ದ ಮುದುಕ, ಬೇಗ ಮಾಡವ್ವ, ಎಂದ. ನಾನು ಎದ್ದು ಹಿಂದಿನ ಗೋಡೆಯ ಕಡೆ ತಿರುಗಿದೆ.

"ಪಾರ್ಸಲ್ ನೋಡಿ ಏನಂದ್ಳು?"

"‘ತವರಿನ ಸೀರಿ ಡಬ್ಬ್ಯಾಗ ಬರಂಗಿಲ್ಲ, ವಾಪಸ್ ಒಯ್ಯಿ’ ಅಂದ್ರು. ಅಳ್ಲಾಕತ್ತಿದ್ರು ಅಮ್ಮಾ. ನಾ ಮುಂದ ಕೇಳಲಿಲ್ಲ."

ಸ್ವಲ್ಪ ಹೊತ್ತಿಗೆ ಕಂಪನಿಯ ಮೆಸೇಜ್ ಬಂತು, ಶುದ್ಧ ಕನ್ನಡದಲ್ಲಿ. ‘ಗ್ರಾಹಕರು ಸ್ವೀಕರಿಸಲು ನಿರಾಕರಿಸಿದ್ದಾರೆ.’

೧೧ ಫೆಬ್ರವರಿ, ಮಂಗಳವಾರ

ರಾತ್ರಿಯೆಲ್ಲ ನಿದ್ದೆಯಿಲ್ಲ. ಆ ಮಾತನ್ನು ಬರೆದುಬಿಡುತ್ತೇನೆ.

ಹೋದ ಏಪ್ರಿಲ್‌ನ ಕೊನೆಯಲ್ಲಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಒಂದು ಲಕೋಟೆ ಬ್ಯಾಗಿನಿಂದ ಬಿತ್ತು. ಲಲಿತಾಬಾಯಿ, ಅಂಚೆ ಕಚೇರಿ, ಕಮಲಾಪುರ. ಅಕ್ಷರ ಅಂಬಿಯದು. ಮನೆಯ ವಿಳಾಸಕ್ಕೆ ಕಳಿಸಿದರೆ ನಾನು ಒಲೆಗೆ ಹಾಕಿ, ಬಂದಿಲ್ಲ ಎನ್ನಬಹುದೆಂದು ಕಚೇರಿಗೇ ಕಳಿಸಿದ್ದಳು, ಸಹಿ ಮಾಡಿ ತೆಗೆದುಕೊಳ್ಳಲೇಬೇಕೆಂದು. ಅಂಚೆಯವಳ ಮಗಳು. ಆದರೆ ಅಂಚೆಯವಳಿಗೆ ಇನ್ನೊಂದು ದಾರಿಯೂ ಗೊತ್ತಿರುತ್ತದೆ ಎನ್ನುವುದನ್ನು ಮರೆತಿದ್ದಳು. ಬೇಡ ಎಂದರೆ ಹಾಗೆಂದು ಬರೆದು ಕಳಿಸಿದವರಿಗೇ ತಿರುಗಿಸುವುದು. ಅದನ್ನು ಪೋಸ್ಟ್‌ಮನ್ ಬರೆಯಬೇಕು. ಮಜರ್ ಬರೆಯಲಿಲ್ಲ. "ನನ್ನ ಕೈಲೆ ಆಗಂಗಿಲ್ರಿ ಮೇಡಂ. ಮದುವಿ ಕಾರ್ಡ್ ಅದ, ಮುಟ್ಟಿದ್ರ ಗೊತ್ತಾಗ್ತದ." ನಾನೇ ಕೆಂಪು ಪೆನ್ನು ತೆಗೆದುಕೊಂಡೆ. ‘ನಿರಾಕರಿಸಲಾಗಿದೆ’. ದುಂಡಗೆ ಬರೆದೆ, ತಾರೀಖು ಹಾಕಿದೆ. ಅಷ್ಟು ಚೆಂದದ ಅಕ್ಷರ, ಅದೇ ಈಗ ನೆನೆದರೆ ಅಸಹ್ಯ.

ಮಾಡಿದ್ದುಣ್ಣೋ ಮಹರಾಯ. ನಿನ್ನೆ ಉಂಡೆ.

ಆದರೆ ರಾತ್ರಿ ನಿದ್ದೆ ಬಾರದ್ದು ಅದಕ್ಕಲ್ಲ. ಕಡ್ಡಿಪೆಟ್ಟಿಗೆ. ಪಿನ್ನು. ಬಾಚಣಿಕೆ, ಮತ್ತೆ ಬಾಚಣಿಕೆ. ಅಂಕಿ ಅವಳ ಕಣ್ಣ ಮುಂದೆಯೇ ಇತ್ತು. ನಾನು ಮೆಲ್ಲಗೆ ಒಂದೊಂದೇ ಹೇಳುವಾಗ ಅವಳು ಅದನ್ನು ನೋಡುತ್ತ ನಿಂತಿರುತ್ತಿದ್ದಳು. ಇನ್ನೊಮ್ಮೆ ಹೇಳ ಅಂದಳಲ್ಲ, ಅವತ್ತು. ಅಂಬಿ, ನನ್ನ ಅವ್ವಿ.

ಗುರುಪ್ರಸಾದನಿಗೆ ಖಾತೆ ಬದಲಿಸಲು ಬಾರದೆ ಅಲ್ಲ. ಅವನಿಗೆ ಬರುತ್ತದೆ.

೧೩ ಫೆಬ್ರವರಿ, ಗುರುವಾರ

ನಾಳೆಗೆ ರಜೆ ಬರೆದುಕೊಟ್ಟೆ. ಕಾರಣ ಎಂಬಲ್ಲಿ ‘ಮನೆ ಕೆಲಸ’ ಎಂದು ಹಾಕಿದ್ದೆ, ಹೊಡೆದು ‘ಮಗಳ ಕುಬಸ’ ಎಂದು ಬರೆದೆ. ಬರೆದ ಮೇಲೆ ನೆನಪಾಯಿತು, ಅದು ಕಳ್ಳ ಕುಬಸ ಎಂದು. ಇರಲಿ, ಮಜರ್ ಯಾರಿಗೂ ಹೇಳುವವನಲ್ಲ.

ಸಂಜೆ ಇಲ್ಲಿಯ ಬಜಾರದಲ್ಲೇ ಸೀರೆ ತೆಗೆದುಕೊಂಡೆ. ಆನ್‌ಲೈನಿನದಕ್ಕಿಂತ ದಡಿ ಸ್ವಲ್ಪ ಸಣ್ಣದು. ಶೇಂಗಾ ಹೋಳಿಗೆ ಮಾಡಿದೆ. ಸಜ್ಜೆ ರೊಟ್ಟಿ ಬಡಿದೆ. ಭಜ್ಜಿಯ ಕಾಲ ಅಲ್ಲ, ಆದರೂ ಕಡಲೆಕಾಳು ನೆನೆ ಹಾಕಿದ್ದೇನೆ.

೧೪ ಫೆಬ್ರವರಿ, ಶುಕ್ರವಾರ

ಇವರೂ ಬರುತ್ತೇನೆಂದರು. ಬೇಡ, ಮೊದಲ ಸಲ ನಾನೊಬ್ಬಳೇ ಹೋಗುತ್ತೇನೆಂದೆ. ಒಂದು ಡಜನ್ ಕೆಂಪು ಬಾಳೆಹಣ್ಣು ಚೀಲದ ಮೇಲಿಟ್ಟು, ಬಸ್ಸು ಮಹಾಗಾಂವ ಕ್ರಾಸಿನಲ್ಲಿ ಜಿಗಿಯುತ್ತದೆ, ಹುಷಾರು ಎಂದರು.

ಕಂಡಕ್ಟರ್ ಆಧಾರ್ ನೋಡಿ ಸೊನ್ನೆಯ ಟಿಕೆಟ್ ಹರಿದುಕೊಟ್ಟ. ಹೆಂಗಸರಿಗೆ ಬಸ್ಸು ಪುಕ್ಕಟೆಯಾಗಿ ಎಷ್ಟು ಕಾಲವಾಯಿತು! ಮಗಳ ಬಾಗಿಲಿಗೆ ಬೇಗ ತಲುಪಲೆಂದು ನಾನು ಕಂಪನಿಯವರಿಗೆ ದುಡ್ಡು ಕಟ್ಟುತ್ತ ಕೂತಿದ್ದೆ. ರಿಂಗ್ ರೋಡಿನಲ್ಲಿ ಇಳಿದು ಆಟೋ ಹಿಡಿದೆ. ಮನೆಯ ಹೊಸಿಲು ದಾಟಿ ಅವಳ ಮೆಟ್ಟಿಲು ಹತ್ತುವವರೆಗೆ ಒಂದೂಮುಕ್ಕಾಲು ಗಂಟೆ. ಅವರ ಒಂದು ದಿನಕ್ಕಿಂತ ಎಷ್ಟೋ ಬೇಗ.

ಬಾಗಿಲು ತೆಗೆದವನು ಗುರುಪ್ರಸಾದ. ಬಡಕಲು ಹುಡುಗ, ಅಂಗಡಿಗೆ ಹೊರಟು ನಿಂತಿದ್ದ. ನನ್ನನ್ನು ಫೋಟೋದಲ್ಲಿ ನೋಡಿದ್ದನೋ ಏನೋ, ಕೂಡಲೇ ಗುರುತು ಹಿಡಿದ.

"ಬರ್ರಿ ಅತ್ತಿ, ಒಳಗ ಬರ್ರಿ." ಕಾಲಿಗೆ ನೀರು ಕೊಟ್ಟ. ಕುರ್ಚಿಯ ಮೇಲಿದ್ದ ಬಟ್ಟೆ ಎತ್ತಿ ಎಲ್ಲಿ ಇಡಬೇಕೆಂದು ತಿಳಿಯದೆ ಕಂಕುಳಲ್ಲಿ ಹಿಡಿದುಕೊಂಡೇ ನಿಂತ.

ಅಂಬಿ ಒಳಗಿನ ಬಾಗಿಲಿಗೆ ಬಂದಳು. ಆ ಗೌನು ಹಾಕಿಕೊಂಡಿದ್ದಳು. ಹೊಟ್ಟೆ ಕಾಣುತ್ತಿತ್ತು. ಮುಖ ಇಳಿದಿತ್ತು, ಕೂದಲು ಬಾಚಿರಲಿಲ್ಲ.

"ಸೀರಿ ವಾಪಸ್ ಬಂತಾ?" ಎಂದಳು.

"ಅದು ಕಂಪನಿಗಿ ಹೋತು. ನಾ ಬ್ಯಾರೇದು ತಂದೀನಿ."

ಅವಳು ಮುಂದೆ ಬರಲಿಲ್ಲ. ಒಳಗೆ ಹೋದಳು. ಟ್ರಂಕು ತೆಗೆದ ಸದ್ದಾಯಿತು. ಹೊರಗೆ ಬಂದಾಗ ಕೈಯಲ್ಲಿ ಆ ಲಕೋಟೆ. ಒಡೆದಿರಲಿಲ್ಲ. ಅವಳ ನೀಲಿ ಅಕ್ಷರದ ಮೇಲೆ ಅಡ್ಡವಾಗಿ ನನ್ನ ಕೆಂಪು ಅಕ್ಷರ.

"ಮದಲ ಇದನ್ನ ತಗೊ. ಆಮ್ಯಾಲ ನಿನ್ನ ಸೀರಿ ತಗೋತೀನಿ."

ಪೆನ್ನು ಕೇಳಿದೆ. ಗುರುಪ್ರಸಾದ ಜೇಬಿನಿಂದ ಕೊಟ್ಟ. ನನ್ನ ಬರಹವನ್ನು ಅಡ್ಡ ಹೊಡೆದೆ. ಅಂಚೆಯಲ್ಲಿ ಒಮ್ಮೆ ಬರೆದದ್ದನ್ನು ಹಾಗೆಲ್ಲ ಹೊಡೆಯುವಂತಿಲ್ಲ, ಮೂವತ್ತೊಂದು ವರ್ಷದಲ್ಲಿ ನಾನು ಹೊಡೆದದ್ದು ಇದೊಂದೇ. ಕೆಳಗೆ ‘ಸ್ವೀಕರಿಸಿದೆ’ ಎಂದು ಬರೆದು ಸಹಿ ಮಾಡಿದೆ, ಇವತ್ತಿನ ತಾರೀಖು ಹಾಕಿದೆ. ಈ ಸಲ ಅಕ್ಷರ ಸೊಟ್ಟಗಾಯಿತು. ಒಡೆದೆ. ಮದುವೆಯ ಕಾರ್ಡಿನ ಒಳಗೆ ಒಂದು ಚೀಟಿ ಇತ್ತು.

‘ಅವ್ವ, ನೀ ಬಂದ್ರ ಸಾಕು. ಏನೂ ತರಬ್ಯಾಡ.’

ನನ್ನ ಎರಡೂ ಪಕ್ಕದಲ್ಲಿ ತುಂಬಿದ ಎರಡು ಚೀಲ. ಅವುಗಳ ನಡುವೆ ಕೂತು, ಅಳಿಯನ ಮುಂದೆ ಅನ್ನುವುದನ್ನೂ ನೋಡದೆ ಅತ್ತುಬಿಟ್ಟೆ. ತಪ್ಪಾತು ಅವ್ವಿ ಎಂದೆ. ಎಷ್ಟು ಸಲ ಎಂದೆನೋ. ಅಂಬಿ ಬಂದು ಪಕ್ಕದಲ್ಲಿ ನೆಲದ ಮೇಲೆ ಕೂತಳು. ನನ್ನ ಮೊಣಕಾಲ ಮೇಲೆ ಕೈಯಿಟ್ಟಳು, ನೋವಿರುವ ಕಾಲು ಯಾವುದೆಂದು ಅವಳಿಗೆ ನೆನಪಿತ್ತು.

ಒಳಗಿನ ಕೋಣೆಯಲ್ಲಿ ಸೀರೆ ಉಡಿಸಿದೆ. ಬಳೆ ತೊಡಿಸಿದೆ. ಕೈ ಊದಿವೆ, ಎರಡು ಒಡೆದವು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಬೇರು, ಬಾಳೆಹಣ್ಣು ಹಾಕಿ ಉಡಿ ತುಂಬಿದೆ. ಆರತಿಗೆ ಕಡ್ಡಿ ಬೇಕೆಂದು ಕಪಾಟು ತೆಗೆದರೆ ಒಂದು ಸಾಲು ಕಡ್ಡಿಪೆಟ್ಟಿಗೆ, ಅದರ ಪಕ್ಕ ಕವರು ಬಿಚ್ಚದ ಬಾಚಣಿಕೆಗಳು. ಅಂಬಿ ನೋಡಿದಳು, ನಾನು ನೋಡಿದ್ದನ್ನು.

"ಐದು ಅದಾವ," ಎಂದಳು. "ಬೇಕಾದ್ರ ಒಂದ ಒಯ್ಯಿ."

ಒಂದನ್ನು ಬಿಚ್ಚಿ, ಅವಳನ್ನು ಮುಂದೆ ಕೂಡಿಸಿಕೊಂಡು ತಲೆ ಬಾಚಿದೆ. ಭಜ್ಜಿಯಲ್ಲಿನ ಕಡಲೆಕಾಳನ್ನೆಲ್ಲ ಆರಿಸಿ ತಿಂದಳು. ಸೊಪ್ಪು ಅಳಿಯನ ತಾಟಿಗೆ.

೧೦ ಮಾರ್ಚ್, ಸೋಮವಾರ

ಮೆಂಬರ್‌ಶಿಪ್ ಇವತ್ತಿಗೆ ಮುಗಿಯಿತು. ಬೆಳಗಿನಿಂದ ಮೂರು ಮೆಸೇಜ್, ಕಡೆಯ ಅವಕಾಶ ಎಂದು. ಮುಂದುವರಿಸಲೇ ಎಂದು ಅಂಬಿಯನ್ನು ಹೋದ ವಾರವೇ ಕೇಳಿದ್ದೆ. "ಬ್ಯಾಡವ್ವ, ಎದುರಿಗೇ ಅಂಗಡಿ ಅದ," ಎಂದಿದ್ದಳು. ಮಜರ್ ಕೂಡ, "ಈಗರೆ ಬುದ್ಧಿ ಬಂತಲ್ರಿ ಮೇಡಂ," ಎಂದು ನಕ್ಕ.

ನಾನು ಹೂಂ ಎಂದೆ. ಆದರೆ ದಿನವೆಲ್ಲ ಎದೆಯಲ್ಲಿ ಒಂದು ಅಳುಕು. ಫೆಬ್ರವರಿ ಹದಿನಾಲ್ಕರ ನಂತರ ಅವಳು ನಾಲ್ಕು ಸಲ ಫೋನ್ ಮಾಡಿದ್ದಾಳೆ. ನಾಲ್ಕೂ ಸಲ ಏನಾದರೂ ತರಿಸಿದ್ದಳು. ಮೊದಲು ಓಟಿಪಿ, ಆಮೇಲೆ ನಾಲ್ಕು ಮಾತು. ಈಗ ಓಟಿಪಿಯೇ ಇಲ್ಲ. ಹತ್ತು ತಿಂಗಳು ಒಂದು ನೆಪದ ಮೇಲೆ ನಡೆದು ಬಂದವರು, ನೆಪ ಕಿತ್ತಮೇಲೆ ನಡೆಯುತ್ತೇವೋ ಇಲ್ಲವೋ. ಮಧ್ಯಾಹ್ನ ಎರಡು ಸಲ ಆ ಮೆಸೇಜ್ ತೆಗೆದು, ಕಟ್ಟಿಬಿಡಲೇ ಎಂದು ಬೆರಳಿಟ್ಟು, ಮತ್ತೆ ಬೆರಳು ಹಿಂದಕ್ಕೆಳೆದೆ. ಒಂದು ವರ್ಷದ್ದು ತಾನೇ, ಇದ್ದರೆ ಇರಲಿ ಎನಿಸಿತ್ತು.

ನಾಲ್ಕು ಗಂಟೆಗೆ ಚೀಲಗಳಿಗೆ ಅರಗು ಹಾಕುತ್ತಿದ್ದಾಗ ಫೋನ್ ಬಂತು. ಅಂಬಿ. ಅಭ್ಯಾಸಬಲ, ಅರಗಿನ ಕೈ ಒರೆಸಿಕೊಂಡು ಮೊದಲು ಮೆಸೇಜ್ ಹುಡುಕಿದೆ. ಏನೂ ಬಂದಿರಲಿಲ್ಲ.

"ಓಟಿಪಿ ಇನ್ನೂ ಬಂದಿಲ್ಲ ಅವ್ವಿ," ಎಂದೆ.

"ಏನೂ ತರಿಸಿಲ್ಲವ್ವ. ಸುಮ್ಮನ ಮಾಡೀನಿ. ಊಟ ಮಾಡ್ದೇನ?"

ಮಧ್ಯಾಹ್ನವೇ ಮಾಡಿದ್ದೆ. ಇಲ್ಲ ಎಂದೆ. ಯಾಕೆಂದು ಕೇಳಲಿ, ಬೈಯಲಿ, ಮಾತು ಸ್ವಲ್ಪ ಬೆಳೆಯಲಿ ಎಂದು.